ಪಟ್ಟಿಯಲ್ಲಿಲ್ಲದವರು

ಮರೆಯಾದವರನ್ನು ಕುರುಹಿನಿಂದ ಗುರುತಿಸುವ ವಿದ್ಯೆ ನಮಗೆ ಹೊಸದಲ್ಲ. ವಿರಾಟಪರ್ವವನ್ನು ಕೇಳುತ್ತ ಬೆಳೆದ ಜನಕ್ಕೆ ಅದರ ಮೊದಲ ಪಾಠ ಅಲ್ಲಿಯೇ ಆಗಿರುತ್ತದೆ. ಪಾಂಡವರನ್ನು ಅರಸಿ ಹೋದ ಬೇಹಿನವರು ಊರೂರು ತಿರುಗಿ ಬರಿಗೈಯಿಂದ ಹಿಂದಿರುಗಿದರು. ಆದರೆ ವಿರಾಟನ ನಗರಿಯಲ್ಲಿ ಕೀಚಕನು ಸತ್ತನೆಂಬ ಸುದ್ದಿ ಬಂದದ್ದೇ ತಡ, ಹಸ್ತಿನಾವತಿಯಲ್ಲಿ ಕುಳಿತವರಿಗೆ ಸಂಶಯ ಹುಟ್ಟಿತು. ಕೀಚಕನಂಥವನನ್ನು ಬರಿಗೈಯಲ್ಲಿ ಕೊಲ್ಲಬಲ್ಲವನು ಭೀಮನಲ್ಲದೆ ಮತ್ತಾರು? ಅಡುಗೆಯವನ ವೇಷ ಭೀಮನ ಮೈಯನ್ನು ಮುಚ್ಚಿತ್ತು. ಅವನ ತೋಳಿನ ಕೆಲಸವನ್ನು ಮುಚ್ಚಲಾರದೆ ಹೋಯಿತು.

ಇತಿಹಾಸವನ್ನು ಬರೆಯುವವನ ಕೆಲಸವೂ ಬಹುಮಟ್ಟಿಗೆ ಇಂಥದೇ. ಆದರೆ ಹುಡುಕುವುದರಲ್ಲಿ ಎರಡು ಬಗೆಯುಂಟು. ಹಿಡಿಯುವುದಕ್ಕಾಗಿ ಹುಡುಕುವುದು ಒಂದು. ನೆನೆಯುವುದಕ್ಕಾಗಿ ಹುಡುಕುವುದು ಇನ್ನೊಂದು. ದುರ್ಯೋಧನನದು ಮೊದಲನೆಯದು. ನಮ್ಮ ನರಗುಂದ ಸೀಮೆಯ 1858ರ ಕಥೆಯನ್ನು ಓದುವಾಗಲೆಲ್ಲ ಈ ಭೇದ ನನ್ನ ಮನಸ್ಸನ್ನು ಕಾಡುತ್ತದೆ. ಅದನ್ನು ಸ್ಪಷ್ಟಮಾಡಿಕೊಳ್ಳಲು ನನಗೆ ನೆರವಾದದ್ದು, ವಾಚಕರಿಗೆ ವಿಚಿತ್ರವೆನಿಸಬಹುದು, ಒಂದು ಕಂಪ್ಯೂಟರ್ ಆಟ.

ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ತೋರಿಸಿದ ಆ ಆಟದ ಹೆಸರು ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲ್ಯೂಕಸ್ ಪೋಪ್ ಎಂಬವರು ರಚಿಸಿ 2018ರಲ್ಲಿ ಹೊರತಂದದ್ದು. ಈಸ್ಟ್ ಇಂಡಿಯಾ ಕಂಪನಿಗೆ ಸಂಬಂಧಿಸಿದ ಒಂದು ಹಡಗು ಕಣ್ಮರೆಯಾಗಿ, 1807ರಲ್ಲಿ ಜೀವವಿರುವ ಒಬ್ಬ ಮನುಷ್ಯನೂ ಇಲ್ಲದೆ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತೇಲಿಬರುತ್ತದೆಂಬುದು ಅದರ ಕಲ್ಪಿತ ಕಥೆ. ಆಡುವವನು ಕಂಪನಿಯ ಪರವಾಗಿ ವಿಮೆಯ ಲೆಕ್ಕ ನೋಡಲು ಬಂದ ಅಧಿಕಾರಿ. ಹಡಗಿನಲ್ಲಿದ್ದ 60 ಜನರ ಪಟ್ಟಿ ಅವನ ಕೈಯಲ್ಲಿರುತ್ತದೆ: ಹೆಸರು, ಹುದ್ದೆ, ನಾಡು. ಅವರೆಲ್ಲರ ಮುಖಗಳ ಚಿತ್ರವೂ ಇರುತ್ತದೆ. ಯಾವ ಮುಖಕ್ಕೆ ಯಾವ ಹೆಸರು, ಅವನ ಗತಿ ಏನಾಯಿತು, ಕೊಂದವರಾರು ಎಂಬುದನ್ನು ಅವನೇ ಕಂಡುಹಿಡಿದು ಪುಸ್ತಕದಲ್ಲಿ ತುಂಬಬೇಕು. ಮೂರು ಜನರ ಗತಿ ಸರಿಯಾಗಿ ತುಂಬಿದ ಮೇಲೆಯೇ ‘ಸರಿ’ ಎಂಬ ಒಪ್ಪಿಗೆ ದೊರೆಯುತ್ತದೆ. ಹಾಗಾಗಿ ಕುರುಡು ಊಹೆ ಬಹುದೂರ ನಡೆಯದು.

ಈ ಆಟದಲ್ಲಿ ಸ್ವಾರಸ್ಯವಿರುವುದು ಮರೆಯಲ್ಲಿರುವವರನ್ನು ಹುಡುಕುವುದರಲ್ಲಿ. ಕಪ್ತಾನನನ್ನು ಗುರುತಿಸುವುದು ಸುಲಭ. ಎಲ್ಲರೂ ಅವನನ್ನು ಕರೆಯುತ್ತಾರೆ. ಆದರೆ ಒಂದು ಮಾತನ್ನೂ ಆಡದ ನಾವಿಕರುಂಟು. ಅವರನ್ನು ತೂಗುಹಾಸಿಗೆಗೆ ಕಟ್ಟಿದ ಅಂಕಿಯಿಂದ, ಉಡುಪಿನಿಂದ, ಕತ್ತಲಲ್ಲಿ ಕೇಳಿಬರುವ ಭಾಷೆಯಿಂದ, ಯಾರ ಪಕ್ಕದಲ್ಲಿ ಯಾರು ನಿಲ್ಲುತ್ತಾರೆಂಬುದರಿಂದ ತಿಳಿಯಬೇಕು. ಹಿಂದೂಸ್ಥಾನದ ನಾವಿಕರೂ ಅವರಲ್ಲಿದ್ದಾರೆ. ಚಿತ್ರದ ನಡುವೆ ಖೂನಿ ನಡೆಯುತ್ತಿರುವಾಗ ಅಂಚಿನಲ್ಲಿ ಯಾರು ಹಗ್ಗ ಎಳೆಯುತ್ತಿದ್ದಾರೆಂಬುದನ್ನು ನೋಡುವವನೇ ಆಟದಲ್ಲಿ ಗೆಲ್ಲುತ್ತಾನೆ. ನಡುವನ್ನು ಬಿಟ್ಟು ಅಂಚನ್ನು ನೋಡು ಎಂಬ ಈ ಪಾಠ ಇತಿಹಾಸದ ವಿದ್ಯಾರ್ಥಿಗೂ ಒಪ್ಪುವಂಥದು.

ಆದರೂ ಒಂದು ಮಾತನ್ನು ಗಮನಿಸಬೇಕು. ಅಲ್ಲಿಯ ಪಟ್ಟಿ ಕಂಪನಿಯದು. ಪಟ್ಟಿಯ ಹೊರಗಿನವನನ್ನು ಹುಡುಕೆಂದು ಆಟ ಕೇಳುವುದಿಲ್ಲ. ನಮ್ಮ ಇತಿಹಾಸದ ಕಷ್ಟ ಶುರುವಾಗುವುದು ಅಲ್ಲಿಯೇ.

ಕಂಪನಿ ಸರಕಾರದ ಬಲ ತೋಪಿನಲ್ಲಿ ಎಷ್ಟಿತ್ತೋ ಪಟ್ಟಿಯಲ್ಲಿಯೂ ಅಷ್ಟೇ ಇತ್ತು. 1852ರ 11ನೆಯ ಕಾಯಿದೆಯ ಮೇರೆಗೆ ಇನಾಮು ಕಮಿಶನ್ನು ಮುಂಬಯಿ ಇಲಾಖೆಯ ನಮ್ಮ ಭಾಗದಲ್ಲಿ ಮನೆಮನೆಯ ಕಾಗದಗಳನ್ನು ತರಿಸಿ ನೋಡಿತು. ಸನದು ತೋರಿಸಿದವನ ಭೂಮಿ ಉಳಿಯಿತು. ತಲೆಮಾರುಗಳಿಂದ ಉಂಡು ಬಂದಿದ್ದರೂ ಕಾಗದವಿಲ್ಲದವನ ಹಕ್ಕು ಹೋಯಿತು. 1857ರಲ್ಲಿ ನಿಃಶಸ್ತ್ರೀಕರಣದ ಕಾಯಿದೆ ಬಂದಿತು. ಮನೆಯಲ್ಲಿದ್ದ ಕತ್ತಿ ಬಂದೂಕುಗಳನ್ನು ಸರಕಾರದ ದಫ್ತರಿನಲ್ಲಿ ಬರೆಯಿಸಿ ಪರವಾನಗಿ ಪಡೆಯಬೇಕೆಂಬುದು ಅದರ ಸಾರ. ಮುಧೋಳ ಸಮೀಪದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಊರಿಗೆ ನುಗ್ಗಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಇದಾದ ಆರು ತಿಂಗಳಿಗೆ ನರಗುಂದದ ಸರದಿ ಬಂದಿತು. ಸಂಸ್ಥಾನಿಕ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ವಿದ್ಯಾಪ್ರಿಯನು. ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿದ್ದನು. ಮಕ್ಕಳಿಲ್ಲದ ಅವನಿಗೆ ದತ್ತಕ ತೆಗೆದುಕೊಳ್ಳಲು ಕಂಪನಿ ಅಪ್ಪಣೆ ಕೊಡಲಿಲ್ಲ. ದಕ್ಷಿಣ ಮರಾಠಾ ಸೀಮೆಯ ರಾಜಕೀಯ ಏಜೆಂಟನಾಗಿ ಬಂದ ಚಾರ್ಲ್ಸ್ ಮ್ಯಾನ್ಸನ್ ಹಿಂದೆ ಇನಾಮು ಕಮಿಶನ್ನಿನಲ್ಲಿ ಕೆಲಸ ಮಾಡಿದ್ದವನು. 1858ರ ಮೇ ತಿಂಗಳ ಕೊನೆಗೆ ಅವನು ರಾಮದುರ್ಗಕ್ಕೆ ಬಂದನು. ರಾಮದುರ್ಗದ ಸಂಸ್ಥಾನಿಕನು ಬಾಬಾಸಾಹೇಬನ ಮಲಸಹೋದರ. ದಂಗೆಗೆ ಕೂಡಿಕೊಳ್ಳಲಿಲ್ಲವೆಂದು ಜರೆದು ನರಗುಂದದಿಂದ ಬಂದಿದ್ದ ಪತ್ರವನ್ನು ಅವನು ಮ್ಯಾನ್ಸನ್ನನಿಗೆ ತೋರಿಸಿ, ಸಣ್ಣ ಪಹರೆಯೊಡನೆ ನರಗುಂದದ ಸೀಮೆಯಲ್ಲಿ ಹಾಯಬೇಡವೆಂದು ಎಚ್ಚರಿಸಿದನು. ಮ್ಯಾನ್ಸನ್ ದಾರಿ ಬದಲಿಸಿ ಧಾರವಾಡದ ಕಡೆಗೆ ಹೊರಟು, ಸುರೇಬಾನದಲ್ಲಿ ರಾತ್ರಿ ತಂಗಿ, ಪಲ್ಲಕ್ಕಿಯಲ್ಲಿ ಮಲಗಿದನು. ಮೇ 29ರ ಆ ರಾತ್ರಿ ಬಾಬಾಸಾಹೇಬನ ಜನ ಅವನನ್ನು ಕೊಂದು ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು.

ಜೂನ್ 1ಕ್ಕೆ ಕರ್ನಲ್ ಮಾಲ್ಕಮ್ ದಂಡಿನೊಡನೆ ಬಂದನು. ಮರುದಿನ ಗುಡ್ಡದ ಮೇಲಿನ ಕೋಟೆ ಅವನ ವಶವಾಯಿತು. ಆದರೆ ಅದರಲ್ಲಿ ಬಾಬಾಸಾಹೇಬನಿರಲಿಲ್ಲ. ಆರು ಜನ ಮುಖ್ಯ ಅನುಚರರೊಡನೆ ಅವನು ರಾತ್ರಿಯಲ್ಲಿ ಹೊರಟುಹೋಗಿದ್ದನು.

ಇಲ್ಲಿಂದ ಮುಂದಿನದು ನಿಜವಾದ ಪತ್ತೇದಾರಿ ಕಥೆ. ನಾನು ಶಿರೋಳದವನು. ನಮ್ಮ ಎರೆ ಬಯಲನ್ನು ಬೇಸಗೆಯ ಕೊನೆಯಲ್ಲಿ ನೋಡಿದವರಿಗೆ ಆ ಏಳು ಜನರ ಸಂಕಟ ಅರ್ಥವಾಗುತ್ತದೆ. ಹಿಂಗಾರಿ ಜೋಳ ಕಿತ್ತು ಮೂರು ತಿಂಗಳಾಗಿರುತ್ತದೆ. ಮುಂಗಾರಿ ಬಿತ್ತನೆ ಇನ್ನೂ ನಿಂತಿರುವುದಿಲ್ಲ. ಬಿರುಕುಬಿಟ್ಟ ಕರಿನೆಲ ದಿಗಂತದವರೆಗೆ ಬೋಳಾಗಿ ಹರಡಿರುತ್ತದೆ. ಒಂದು ಎತ್ತು ನಡೆದರೆ ಹರದಾರಿಯಾಚೆಗೆ ಧೂಳು ಕಾಣುತ್ತದೆ. ನರಗುಂದದ ಗುಡ್ಡದ ಮೇಲೆ ನಿಂತವನ ಕಣ್ಣಿಗೆ ಬಯಲಿನಲ್ಲಿ ಮರೆಯೆಂಬುದೇ ಇಲ್ಲ. ನವಂಬರಿನಲ್ಲಾದರೆ ಆಳೆತ್ತರದ ಜೋಳ ಒಂದು ದಂಡನ್ನೇ ನುಂಗಿಬಿಡುತ್ತಿತ್ತು. ಜೂನಿನಲ್ಲಿ ಮೊಲಕ್ಕೂ ಅಡಗಲು ಎಡೆಯಿಲ್ಲ. ಹೀಗಿರುವಾಗ ಓಡುವವರಿಗೆ ಉಳಿದದ್ದು ಎರಡೇ ಉಪಾಯ: ಮಲಪ್ರಭೆಯ ಆಚೆಯ ಕುರುಚಲು ಕಾಡು, ಮತ್ತು ವೇಷ.

ಅವರು ಎರಡನ್ನೂ ಕೈಕೊಂಡರು. ಪಂಢರಪುರಕ್ಕೆ ಹೊರಟ ಯಾತ್ರಿಕರ ವೇಷ ಹಾಕಿಕೊಂಡು ತೊರಗಲ್ಲಿನ ಕಾಡನ್ನು ಸೇರಿದರು. ವೇಷದ ಆಯ್ಕೆಯಲ್ಲಿ ಜಾಣತನವುಂಟು. ವಿಠೋಬನ ದರ್ಶನಕ್ಕೆ ಉತ್ತರಕ್ಕೆ ನಡೆಯುವ ಗುಂಪು ನಮ್ಮ ದಾರಿಗಳಲ್ಲಿ ಅಪರೂಪದ್ದಲ್ಲ. ಅವರು ಹೋಗಬೇಕಾಗಿದ್ದ ದಿಕ್ಕಿಗೂ ಹಾಕಿಕೊಂಡ ವೇಷಕ್ಕೂ ಹೊಂದಿಕೆಯಿತ್ತು. ಮರಾಠಿ ಮಾತು ಕೇಳಿಬಂದರೂ ಪಂಢರಪುರದ ಯಾತ್ರಿಕನ ಬಾಯಲ್ಲಿ ಅದು ಸಹಜವೇ. ಆದರೆ ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದು ಬಲ್ಲವನ ಅಂಗಾಲು ಬೇರೆ, ಮೇಣೆಯಲ್ಲಿ ಕುಳಿತು ತಿರುಗಿದವನ ಅಂಗಾಲು ಬೇರೆ. ಒಬ್ಬನಿಗೆ ಉಳಿದವರು ತೋರುವ ಮರ್ಯಾದೆಯನ್ನು ಏಳು ದಿನದಲ್ಲಿ ಮರೆಯುವುದು ಸುಲಭವಲ್ಲ. ವಲ್ಲಭನಾದರೂ ಭೀಮ ಭೀಮನೇ ಅಲ್ಲವೆ?

ಇವರ ಬೆನ್ನು ಹತ್ತಿದವನು ಫ್ರ್ಯಾಂಕ್ ಸೌಟರ್ ಎಂಬ ಪೊಲೀಸ್ ಅಧಿಕಾರಿ. ಕೆಲವೇ ದಿನಗಳಲ್ಲಿ ಅವನು ಏಳೂ ಜನರನ್ನು ತೊರಗಲ್ಲಿನ ಕಾಡಿನಲ್ಲಿ ಹಿಡಿದನು. ಬೆಳಗಾವಿಯಲ್ಲಿ ವಿಚಾರಣೆ ನಡೆದು 1858ರ ಜೂನ್ 12ರಂದು ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಮ್ಯಾನ್ಸನ್ ಸತ್ತು ಆಗ ಎರಡು ವಾರವಷ್ಟೇ ಆಗಿತ್ತು. ಸೌಟರನು ಮುಂದೆ 1864ರಲ್ಲಿ ಮುಂಬಯಿ ನಗರದ ಮೊದಲ ಪೊಲೀಸ್ ಕಮಿಶನರನಾಗಿ 1888ರವರೆಗೆ ಆ ಹುದ್ದೆಯಲ್ಲಿದ್ದನು. ಕಂಪನಿಯ ಆಳಿಕೆ ಮಾತ್ರ ಅದೇ 1858ರ ನವೆಂಬರಿನಲ್ಲಿ ಮುಗಿಯಿತು.

ಆಟದ ಲೆಕ್ಕದಲ್ಲಿ ಇಲ್ಲಿಗೆ ಪುಸ್ತಕ ತುಂಬಿದಂತಾಯಿತು. ಸತ್ತವನು ಮ್ಯಾನ್ಸನ್, ಕೊಲ್ಲಿಸಿದವನು ಬಾಬಾಸಾಹೇಬ, ಹಿಡಿದವನು ಸೌಟರ್. ಮೂರೂ ಸರಿ. ಈಗ ಚಿತ್ರದ ಅಂಚನ್ನು ನೋಡೋಣ.

ಸುರೇಬಾನದ ರಾತ್ರಿಯಲ್ಲಿ ಮ್ಯಾನ್ಸನ್ ಒಬ್ಬನೇ ಇರಲಿಲ್ಲ. ಪಲ್ಲಕ್ಕಿಯಿತ್ತೆಂದರೆ ಅದನ್ನು ಹೊತ್ತ ಬೋಯಿಗಳಿದ್ದರು. ಪಹರೆಯವರಿದ್ದರು, ಅವರೂ ನಮ್ಮ ನಾಡಿನವರೇ, ಸಂಬಳಕ್ಕಾಗಿ ಕಾಯುತ್ತಿದ್ದವರು, ಆ ರಾತ್ರಿ ಕತ್ತಿಗೆ ಸಿಕ್ಕವರು. ತೊರಗಲ್ಲಿನ ಕಾಡಿನಲ್ಲಿ ‘ಆರು ಜನ ಅನುಚರರು’ ಇದ್ದರು. ಗ್ಯಾಝೆಟಿಯರಿನ ಕಥನದಲ್ಲಿ ಅವರು ಒಂದು ಸಂಖ್ಯೆ. ದೊರೆಯ ಸಂಗಡ ಸಾಯಲು ಹೊರಟವರಿಗೆ ಒಂದು ಅಂಕಿಯ ಗೌರವ ದೊರೆಯಿತು. ಆ ದಿನಗಳಲ್ಲಿಯೇ ಮಲಪ್ರಭೆಯಲ್ಲಿ ಇಬ್ಬರು ಹೆಂಗಸರ ಶವಗಳು ದೊರೆತವು. ಅಪಮಾನವನ್ನು ತಾಳಲಾರದೆ ಹೊಳೆಗೆ ಹಾರಿದ್ದ ಅವರು ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ. ಅದೇ ಕಥನದಲ್ಲಿ ಅವರು ‘ಸಂಸ್ಥಾನಿಕನ ತಾಯಿ’, ‘ಸಂಸ್ಥಾನಿಕನ ಹೆಂಡತಿ’; ಹೆಸರಿನಿಂದಲ್ಲ, ಸಂಬಂಧದಿಂದ ಮಾತ್ರ ಗುರುತು. ಗಲ್ಲಿಗೇರಿದವನ ದಿನಾಂಕ ನಮಗೆ ಬಾಯಿಪಾಠ. ಅವನಿಗಿಂತ ಮುಂಚೆ ಸತ್ತ ಈ ಇಬ್ಬರಿಗೆ ನಾವು ಒಂದು ದಿನವನ್ನೂ ಇಟ್ಟಿಲ್ಲ.

ಇದು ಇಂಗ್ಲಿಷ್ ಅಧಿಕಾರಿಗಳ ದೋಷವೆಂದು ಹೇಳಿ ಸುಮ್ಮನಾಗುವುದು ಸುಲಭ. ಅವರು ಹಿಡಿಯುವುದಕ್ಕಾಗಿ ಹುಡುಕಿದವರು. ಹಿಡಿಯಬೇಕಾದವನ ಹೆಸರು ಅವರಿಗೆ ಬೇಕಾಗಿತ್ತು. ಉಳಿದವರು ಲೆಕ್ಕಕ್ಕೆ ಸಾಕು. ಆದರೆ ನಾವು? ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಪಠ್ಯಪುಸ್ತಕಗಳು ಆ ಪಟ್ಟಿಯನ್ನೇ ತಿರುವಿ ಬರೆದವು. ಅಪರಾಧಿಯೆಂದು ಬರೆದಲ್ಲಿ ವೀರನೆಂದು ಬರೆದೆವು, ಅದು ನ್ಯಾಯವೇ. ಆದರೆ ಪಟ್ಟಿಯನ್ನು ಉದ್ದಮಾಡಲಿಲ್ಲ.

ಉದ್ದಮಾಡಿದವರು ಬೇರೆ ಇದ್ದರು. ಅವರು ಲಾವಣಿಕಾರರು. ಹಲಗಲಿಯ ಲಾವಣಿಯಿಂದಲೇ ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ನಮ್ಮ ಭಾಗದ ಕೂಸುಗಳಿಗೂ ಗೊತ್ತು. ಸರಕಾರದ ದಫ್ತರಿನಲ್ಲಿ ‘ಗಲ್ಲಿಗೇರಿದವರು 19’ ಎಂದಿದ್ದುದನ್ನು ಹಾಡುವವನು ಮನುಷ್ಯರನ್ನಾಗಿ ಮಾಡಿದನು. ಹಾಡಿಗೆ ಪಟ್ಟಿಯ ಶಿಸ್ತು ಇಲ್ಲ. ಅದು ಕೆಲವರನ್ನು ಹಿಗ್ಗಿಸುತ್ತದೆ, ಕೆಲವರನ್ನು ಬಿಡುತ್ತದೆ. ಆದರೂ ಅದು ನೆನೆಯುವುದಕ್ಕಾಗಿ ಹುಡುಕುತ್ತದೆ. ಸೋಜಿಗವೆಂದರೆ ಹಲಗಲಿಯ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚುಮಾಡಿಸಿದವರು ಜೆ. ಎಫ್. ಫ್ಲೀಟ್, ಸ್ವತಃ ಸರಕಾರಿ ಅಧಿಕಾರಿ. ನಮ್ಮ ಶಾಸನಗಳ ಅಕ್ಷರವನ್ನು ಓದಿದ ಕಣ್ಣು ನಮ್ಮ ಹಾಡುಗಾರನ ಧ್ವನಿಯನ್ನೂ ಗಮನಿಸಿತು.

ಫ್ಲೀಟರು ಬಿಟ್ಟ ಕೆಲಸ ನಮ್ಮ ಮನೆಗಳಲ್ಲಿಯೇ ಉಳಿದಿದೆ. ಕಳೆದ ಶತಮಾನದ ಮುಂಚಿನ ಶತಮಾನದಲ್ಲಿ ಈ ಸೀಮೆಯ ಲೆಕ್ಕಪತ್ರ, ವಕಾಲತ್ತು, ಖಾಸಗಿ ಪತ್ರಗಳು ಬಹುಮಟ್ಟಿಗೆ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆದವು. ಕುಲಕರ್ಣಿ, ದೇಸಾಯಿ, ನಾಡಗೌಡರ ಮನೆತನಗಳ ಅಟ್ಟದ ಮೇಲೆ ಆ ಕಾಗದದ ಕಟ್ಟುಗಳು ಇಂದಿಗೂ ಉಂಟು. ಲೇಖಣಿ ಎತ್ತದೆ ಒಂದೇ ಓಟದಲ್ಲಿ ಬರೆದ ಆ ಅಕ್ಷರಗಳನ್ನು ಓದಬಲ್ಲವರು ಊರಿಗೊಬ್ಬರೂ ಉಳಿದಿಲ್ಲ. ಯಾವ ಪಹರೆಯವನಿಗೆ ಎಷ್ಟು ಸಂಬಳ, ಯಾವ ಬೋಯಿಗೆ ಎಷ್ಟು ಜೋಳ, ಸತ್ತವನ ವಿಧವೆಗೆ ಏನು ಕೊಟ್ಟರು ಎಂಬಂಥ ಅಂಚಿನ ಸಂಗತಿಗಳು ದೊರೆಯುವುದು ಇಂಥ ಖರ್ಚಿನ ಕಾಗದಗಳಲ್ಲಿಯೇ. ಮನೆ ಕೆಡವಿ ಹೊಸದು ಕಟ್ಟುವಾಗ ಇವು ರದ್ದಿಯ ತಕ್ಕಡಿಗೆ ಹೋಗುತ್ತವೆ.

ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಲ್ಲಿ ನೆಲಸಿರುವ ಓದುಗರಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಇನ್ನೂ ಒಂದು ಹಳೆಯ ಮನೆ, ಅದರಲ್ಲಿ ಒಂದು ಅಟ್ಟ ಇರಬಹುದು. ಓದಲು ಬಾರದೆಂದು ಆ ಕಟ್ಟನ್ನು ಎಸೆಯಬೇಡಿರಿ. ಹತ್ತಿರದ ವಿಶ್ವವಿದ್ಯಾಲಯಕ್ಕೋ ಪತ್ರಾಗಾರಕ್ಕೋ ಮುಟ್ಟಿಸಿರಿ. ಕಡೆಗೆ ಒಂದೊಂದು ಹಾಳೆಯ ಛಾಯಾಚಿತ್ರವನ್ನಾದರೂ ತೆಗೆದಿಡಿರಿ. ಮನೆಯ ಮುದುಕಿಗೆ ಬರುವ ಹಾಡಿದ್ದರೆ ಬರೆದುಕೊಳ್ಳಿರಿ. ಪಟ್ಟಿಯಲ್ಲಿದ್ದವರಿಗೆ ಚರಿತ್ರೆಯಲ್ಲಿ ಜಾಗ ದೊರೆತಾಗಿದೆ. ಏಳು ಜನರಲ್ಲಿ ಆರು ಜನ, ಹೊಳೆಯ ಪಾಲಾದ ಇಬ್ಬರು, ಪಲ್ಲಕ್ಕಿಯನ್ನು ಹೊತ್ತವರು — ಇವರ ಅಜ್ಞಾತವಾಸಕ್ಕೆ ನೂರೈವತ್ತು ವರ್ಷಗಳ ಮೇಲಾಯಿತು. ಪಾಂಡವರಿಗೂ ವಿಧಿಸಿದ್ದು ಒಂದೇ ವರ್ಷ.