ಸೋಮ್ಸನ ಪಕ್ಷವೂ ಐರೀನಳ ಪಕ್ಷವೂ

ನಾಟ್ಯದ ಸಿದ್ಧಿಯನ್ನು ಪ್ರೇಕ್ಷಕರಲ್ಲಿ ನೋಡಿ ತಿಳಿಯಬೇಕೆಂಬುದು ಭರತಮುನಿಯ ಮತವು. ಸಿದ್ಧಿಯನ್ನು ವಿವರಿಸುವ ಅಧ್ಯಾಯವೇ ನಾಟ್ಯಶಾಸ್ತ್ರದಲ್ಲಿ ಒಂದುಂಟು. ಸಭಿಕರ ಮುಗುಳ್ನಗೆ, ಅಟ್ಟಹಾಸ, ‘ಸಾಧು’, ‘ಅಹೋ’, ‘ಕಷ್ಟಂ’ ಎಂಬ ಉದ್ಗಾರಗಳು, ರೋಮಾಂಚ, ಆಸನವನ್ನು ಬಿಟ್ಟು ಎದ್ದು ನಿಲ್ಲುವುದು, ಮೈಮೇಲಣ ವಸ್ತ್ರವನ್ನೇ ಕೊಟ್ಟುಬಿಡುವುದು, ಇವೆಲ್ಲವೂ ಅಲ್ಲಿ ಮಾನುಷೀ ಸಿದ್ಧಿಯ ಲಕ್ಷಣಗಳಾಗಿ ಎಣಿಸಲ್ಪಟ್ಟಿವೆ. ಆದರೆ ರಂಗವೇ ಮನೆಯ ಮೂಲೆಯೊಂದರಲ್ಲಿ ಪೆಟ್ಟಿಗೆಯಾಗಿ ಕುಳಿತ ಮೇಲೆ, ಪ್ರೇಕ್ಷಕರು ತಮ್ಮ ತಮ್ಮ ಬಾಗಿಲುಗಳ ಒಳಗೆ ಕುಳಿತು ನೋಡತೊಡಗಿದ ಮೇಲೆ, ಈ ಲಕ್ಷಣಗಳನ್ನು ಎಲ್ಲಿ ಹುಡುಕಬೇಕು? ಇಂಗ್ಲೆಂಡಿನಲ್ಲಿ ಒಂದು ನಾಟಕದ ಸಿದ್ಧಿಯು ಪಾನಗೃಹಗಳ ಖಾಲಿ ಆಸನಗಳಲ್ಲಿಯೂ ಚರ್ಚುಗಳ ಘಂಟೆಯ ವೇಳೆಯಲ್ಲಿಯೂ ಕಾಣಿಸಿಕೊಂಡಿತು.

ಆ ನಾಟಕವು ಜಾನ್ ಗಾಲ್ಸ್‌ವರ್ದಿಯ ಕಾದಂಬರಿಗಳನ್ನು ಆಧರಿಸಿದ ‘ದಿ ಫಾರ್‌ಸೈಟ್ ಸಾಗಾ’. ಗಾಲ್ಸ್‌ವರ್ದಿಯು ಹುಟ್ಟಿದ್ದು 1867ರಲ್ಲಿ. ಅವನ ಜನ್ಮಶತಾಬ್ದಿಯ ವರ್ಷವಾದ 1967ರ ಜನವರಿ 7ರಂದು ಬಿ.ಬಿ.ಸಿ. ಸಂಸ್ಥೆಯ ಎರಡನೆಯ ವಾಹಿನಿಯಲ್ಲಿ ಇದರ ಪ್ರಸಾರವು ಮೊದಲಾಯಿತು. ವಾರಕ್ಕೊಂದರಂತೆ 26 ಕಂತುಗಳು. ಎಲ್ಲವೂ ಕಪ್ಪು ಬಿಳುಪಿನವು. ಕೊನೆಯ ಕಂತು ಪ್ರಸಾರವಾದ ಜುಲೈ 1ರಂದೇ ಅದೇ ವಾಹಿನಿಯಲ್ಲಿ ವರ್ಣಪ್ರಸಾರವು ಆರಂಭವಾಯಿತೆಂಬುದು ಕಾಲಪುರುಷನ ವಿನೋದವೆನ್ನಬೇಕು. 1964ರಲ್ಲಿ ಹುಟ್ಟಿದ ಆ ಎರಡನೆಯ ವಾಹಿನಿಯನ್ನು ನೋಡಲು ಹೊಸ ಬಗೆಯ ಯಂತ್ರವು ಬೇಕಾಗಿದ್ದಿತು. ಆದುದರಿಂದ ಮೊದಲ ಸಲ ನೋಡಿದವರು ಸುಮಾರು 60 ಲಕ್ಷ ಜನ ಮಾತ್ರ. 1968ರ ಸೆಪ್ಟೆಂಬರ್ 8ರಿಂದ ಮೊದಲನೆಯ ವಾಹಿನಿಯಲ್ಲಿ ಪ್ರತಿ ಭಾನುವಾರ ಸಂಜೆ ಅದನ್ನು ಪುನಃ ತೋರಿಸಲಾಗಿ, 1969ರಲ್ಲಿ ಅದು ಮುಗಿಯುವ ವೇಳೆಗೆ ನೋಡುವವರ ಸಂಖ್ಯೆಯು ಸುಮಾರು 1 ಕೋಟಿ 80 ಲಕ್ಷಕ್ಕೆ ಏರಿದ್ದಿತು. ಭಾನುವಾರದ ಸಂಜೆಯೆಂದರೆ ಚರ್ಚಿನ ಸಾಯಂಪ್ರಾರ್ಥನೆಯ ಸಮಯ. ಭಕ್ತರು ಬಾರದಿರುವುದನ್ನು ಕಂಡು ಕೆಲವು ಪಾದ್ರಿಗಳು ಪ್ರಾರ್ಥನೆಯ ವೇಳೆಯನ್ನೇ ಹಿಂದಕ್ಕೆ ತಂದರೆಂದು ಅಂದಿನ ವಾರ್ತೆಗಳು ಹೇಳಿದವು. ದೇವರಿಗೂ ಫಾರ್‌ಸೈಟರ ಮನೆತನಕ್ಕೂ ಬಿದ್ದ ಪೈಪೋಟಿಯಲ್ಲಿ ದೇವರೇ ಸರಿದು ನಿಂತನೆಂದು ಪರಿಹಾಸಕ್ಕೆ ಹೇಳಬಹುದು.

ಕಥೆಯು ಮೂರು ತಲೆಮಾರುಗಳಷ್ಟು ದೀರ್ಘವಾದುದು. ಅದರ ಬೀಜವನ್ನಷ್ಟೇ ಇಲ್ಲಿ ತಿಳಿದರೆ ಸಾಕು. ಸೋಮ್ಸ್ ಫಾರ್‌ಸೈಟ್ ಲಂಡನ್ನಿನ ಧನಿಕನಾದ ವಕೀಲ. ಚಿತ್ರಪಟಗಳನ್ನು ಕೊಂಡು ಸಂಗ್ರಹಿಸುವುದು ಅವನ ಹವ್ಯಾಸ. ಒಂದೊಂದರ ಬೆಲೆಯೂ ಅವನಿಗೆ ಕಂಠಪಾಠ. ಅವನ ಪತ್ನಿ ಐರೀನಳು ಸುಂದರಿ. ಒಲಿಯದೆ, ಬಡತನಕ್ಕೆ ಅಂಜಿ ಕೈಹಿಡಿದವಳು. ಅವಳನ್ನು ಇರಿಸಲೆಂದು ಅವನು ಊರ ಹೊರಗೆ ಒಂದು ಭವನವನ್ನು ಕಟ್ಟಿಸುತ್ತಾನೆ. ಅವಳಾದರೋ ಕಟ್ಟಿದ ಶಿಲ್ಪಿಯಾದ ಬಾಸಿನಿಗೆ ಮನಸ್ಸು ಕೊಡುತ್ತಾಳೆ. ಒಂದು ರಾತ್ರಿ ಸೋಮ್ಸನು ತನ್ನ ಪತಿತ್ವದ ಹಕ್ಕನ್ನು ಬಲಾತ್ಕಾರದಿಂದ ಸಾಧಿಸುತ್ತಾನೆ. ಬಾಸಿನಿಯು ಇದನ್ನು ತಿಳಿದು ಉನ್ಮತ್ತನಾಗಿ, ಮಂಜು ಕವಿದ ಬೀದಿಗಳಲ್ಲಿ ಅಲೆದು, ಬಂಡಿಯ ಕೆಳಗೆ ಬಿದ್ದು ಸಾಯುತ್ತಾನೆ. ಮುಂದಿನ ವಿಚ್ಛೇದನ, ಪುನರ್ವಿವಾಹಗಳು, ಸೋಮ್ಸನ ಮಗಳಿಗೂ ಐರೀನಳ ಮಗನಿಗೂ ಹುಟ್ಟಿದ ನಿಷ್ಫಲವಾದ ಪ್ರೇಮ, ಇವೆಲ್ಲವೂ ಆ ರಾತ್ರಿಯ ನೆರಳುಗಳು.

1906ರಲ್ಲಿ ಪ್ರಕಟವಾದ ‘ದಿ ಮ್ಯಾನ್ ಆಫ್ ಪ್ರಾಪರ್ಟಿ’ ಎಂಬ ಮೊದಲ ಕಾದಂಬರಿಯ ಹೆಸರೇ ಗ್ರಂಥಕರ್ತನ ಅಭಿಪ್ರಾಯವನ್ನು ಸಾರುತ್ತದೆ. ಹೆಂಡತಿಯನ್ನೂ ಸೊತ್ತುಗಳ ಪಟ್ಟಿಯಲ್ಲಿ ಸೇರಿಸುವವನ ಕಥೆ ಅದು. ಇದರಲ್ಲಿ ಅವನ ಬಾಳಿನ ನೋವೂ ಅಡಗಿದ್ದಿತು. ಅವನ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳಲ್ಲೊಬ್ಬನಾದ ಆರ್ಥರನ ಪತ್ನಿ ಏಡಾಳು ಆ ಮದುವೆಯಲ್ಲಿ ಸುಖವನ್ನು ಕಾಣಲಿಲ್ಲ. ಗಾಲ್ಸ್‌ವರ್ದಿಯು ಸುಮಾರು ಹತ್ತು ವರ್ಷಗಳ ಕಾಲ ಅವಳನ್ನು ಗುಟ್ಟಾಗಿ ಪ್ರೀತಿಸಿ, ತನ್ನ ತಂದೆಯು ತೀರಿದ ತರುವಾಯ 1905ರಲ್ಲಿ ಮದುವೆಯಾದನು. ಹೀಗಿರುವಲ್ಲಿ ಐರೀನಳ ಪಕ್ಷವು ಕರ್ತೃವಿನ ಪಕ್ಷವೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಆದರೆ 1967ರ ಪ್ರೇಕ್ಷಕರು ಕರ್ತೃವಿನ ಪಕ್ಷವನ್ನು ಹಿಡಿಯಲಿಲ್ಲ. ಹಿಡಿದವರು ಹಿಡಿದರು, ಅನೇಕರು ಬಿಟ್ಟರು. ದೇಶವೇ ಎರಡು ಪಕ್ಷವಾಯಿತು. ಸೋಮ್ಸನು ಮಾಡಿದ್ದು ಅಪರಾಧವೇ, ಅವನನ್ನು ಅಷ್ಟು ದಿನ ಕಾಡಿದ ಐರೀನಳದೇ ತಪ್ಪೇ, ಎಂಬ ವಾದವು ಊಟದ ಮೇಜಿನಿಂದ ಪತ್ರಿಕೆಗಳವರೆಗೆ ನಡೆಯಿತು. ಅವಳು ಹೃದಯವಿಲ್ಲದವಳು, ಉಂಡ ಮನೆಗೆ ಕೃತಜ್ಞತೆಯಿಲ್ಲದವಳು, ಎಂದವರಲ್ಲಿ ಸ್ತ್ರೀಯರೂ ಕಡಮೆಯಿರಲಿಲ್ಲ. ಸೋಮ್ಸನ ಪಾತ್ರವನ್ನು ವಹಿಸಿದ ಎರಿಕ್ ಪೋರ್ಟರನು ಆ ವರ್ಷದ ಉತ್ತಮ ನಟನೆಂದು ಸನ್ಮಾನಿತನಾದನು. ಐರೀನಳಾಗಿ ಅಭಿನಯಿಸಿದ ನೈರೀ ಡಾನ್ ಪೋರ್ಟರಳು ನ್ಯೂಜಿಲೆಂಡಿನವಳು. ಹೆಸರು ಒಂದೇ ಆದರೂ ಇವರಿಬ್ಬರಿಗೆ ಬಾಂಧವ್ಯವಿಲ್ಲ.

ಇಷ್ಟು ಜನರ ಕರುಣೆಯು ಬಲಾತ್ಕಾರ ಮಾಡಿದವನತ್ತ ಹರಿಯಲು ಕಾರಣವೇನು? ಪ್ರೇಕ್ಷಕರ ಮೌಢ್ಯವೆಂದು ಹೇಳಿ ಮುಗಿಸುವುದು ಸುಲಭ, ಆದರೆ ಸರಿಯಲ್ಲ. ಮೂಲಗ್ರಂಥದಲ್ಲಿ ಐರೀನಳ ಅಂತರಂಗವು ಎಲ್ಲಿಯೂ ತೆರೆದಿಲ್ಲ. ಅವಳು ಇತರರ ಕಣ್ಣಿಗೆ ಕಂಡಂತೆ ಮಾತ್ರ ನಮಗೂ ಕಾಣುತ್ತಾಳೆ. 1922ರಲ್ಲಿ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ಕರ್ತೃವೇ ಇದನ್ನು ತನ್ನ ಉದ್ದೇಶವೆಂದು ಒಪ್ಪಿಕೊಂಡಿದ್ದಾನೆ. ಪುಟದ ಮೇಲೆ ಈ ಮೌನವು ಒಂದು ಪ್ರಭೆಯಂತೆ ಇರುತ್ತದೆ; ಓದುವವನು ತನ್ನ ಸಹೃದಯತೆಯಿಂದ ಅದನ್ನು ತುಂಬಿಕೊಳ್ಳುತ್ತಾನೆ. ಪರದೆಯ ಮೇಲಾದರೋ ಮೌನವೆಂದರೆ ಮಾತಾಡದ ಒಂದು ಮುಖ. ಆ ಮುಖದ ಎದುರಿಗೆ ಕುಳಿತು ಉತ್ತರಕ್ಕಾಗಿ ಕಾಯುವ ಸೋಮ್ಸನ ಕಣ್ಣುಗಳನ್ನು ಕ್ಯಾಮರಾ ಮತ್ತೆ ಮತ್ತೆ ತೋರಿಸಿತು. ಒಬ್ಬನ ವೇದನೆಯು ಕಾಣುತ್ತಿರಲು, ಇನ್ನೊಬ್ಬಳ ವೇದನೆಯು ಕಾಣದಿರಲು, ಕರುಣೆಯು ಕಂಡ ಕಡೆಗೇ ಹರಿಯುವುದು ಸಹಜವಲ್ಲವೆ? ಅದೂ ಒಂದು ಸಂಜೆಯ ನಾಟಕವಲ್ಲ. ಅರ್ಧ ವರ್ಷದ ಸಹವಾಸ. ಮೊದಲ ಕಂತುಗಳ ಕ್ರೂರ ಪತಿಯು ಕೊನೆಯ ಕಂತುಗಳಲ್ಲಿ ಮಗಳಿಗಾಗಿ ಹಂಬಲಿಸುವ ವೃದ್ಧನಾಗುತ್ತಾನೆ. ತನ್ನ ಚಿತ್ರಶಾಲೆಗೆ ಬೆಂಕಿ ಬಿದ್ದಾಗ ಅವಳನ್ನು ಉಳಿಸಹೋಗಿ ಪ್ರಾಣವನ್ನು ನೀಗುತ್ತಾನೆ. ಅಷ್ಟರಲ್ಲಿ ಹಳೆಯ ರಾತ್ರಿಯನ್ನು ನೆನೆಯುವವರು ಎಷ್ಟು ಮಂದಿ?

ಮತ್ತೊಂದು ಸಂಗತಿಯು ಗಮನಾರ್ಹವಾದುದು. ಕಾದಂಬರಿಯಲ್ಲಿ ಆ ಕೃತ್ಯವು ನಮ್ಮ ಕಣ್ಣೆದುರಿಗೆ ನಡೆಯುವುದಿಲ್ಲ. ಮರುದಿನ ಬೆಳಗ್ಗೆ ಉಪಾಹಾರಕ್ಕೆ ಕುಳಿತ ಸೋಮ್ಸನ ಕಿವಿಯಲ್ಲಿ ಅವಳ ಬಿಕ್ಕುವ ದನಿಯು ಉಳಿದಿರುವುದರಿಂದ ಮಾತ್ರ ನಾವು ಅದನ್ನು ಅರಿಯುತ್ತೇವೆ. ನಿರ್ಮಾಪಕನಾದ ಡೊನಾಲ್ಡ್ ವಿಲ್ಸನ್ನನ ಕೈಯಲ್ಲಿ ಅದು ಪ್ರತ್ಯಕ್ಷ ದೃಶ್ಯವಾಯಿತು. ಹಾಗೆ ತೋರಿಸಿದರೂ ಜನ ಸೋಮ್ಸನನ್ನು ಕ್ಷಮಿಸಿದರೆಂಬುದೇ ಇಲ್ಲಿ ವಿಚಾರಕ್ಕೆ ಯೋಗ್ಯವಾದ ವಿಷಯ. ಕಣ್ಣಾರೆ ಕಂಡುದೆಲ್ಲವೂ ಮನಸ್ಸಿಗೆ ಸಾಕ್ಷ್ಯವಾಗುವುದಿಲ್ಲ.

ಗಾಲ್ಸ್‌ವರ್ದಿಗೆ ಇದು ಅನಿರೀಕ್ಷಿತವಾಗಿರಲಿಲ್ಲ. ಓದುಗರು ಸೋಮ್ಸನಿಗಾಗಿ ಮರುಗುವುದನ್ನು ಅದೇ ಮುನ್ನುಡಿಯಲ್ಲಿ ಹೇಳಿ, ತಾನೂ ಅವನಿಗಾಗಿ ಮರುಗುವುದಾಗಿ ಬರೆದಿದ್ದಾನೆ: ಪ್ರೀತಿಸಲಾಗದಂತಹ ಮನುಷ್ಯನಾಗಿ, ಅದರ ಅರಿವೂ ತಕ್ಕಮಟ್ಟಿಗೆ ಇರುವವನಾಗಿ, ಬಾಳುವುದೇ ಅವನ ದುರಂತವೆಂಬುದು ಅಲ್ಲಿಯ ತಾತ್ಪರ್ಯ. ಮರುಗುವುದಕ್ಕೂ ನಿರ್ದೋಷಿಯೆಂದು ತೀರ್ಪು ಕೊಡುವುದಕ್ಕೂ ಇರುವ ಅಂತರವನ್ನು ಕರ್ತೃವು ಮರೆಯಲಿಲ್ಲ. ಪ್ರೇಕ್ಷಕರಲ್ಲಿ ಬಹುಜನರು ಮರೆತರು.

ಕನ್ನಡದ ಸಹೃದಯರಿಗೆ ಈ ತೊಡಕು ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ನಾಯಕನು ಭೀಮನಾದರೂ ಕಣ್ಣೀರು ದುರ್ಯೋಧನನಿಗಾಗಿ ಬರುತ್ತದೆ. ಆದರೂ ದುರ್ಯೋಧನನ ಪಕ್ಷ ವಹಿಸಿ ದ್ರೌಪದಿಯನ್ನು ದೂರುವವರು ಇಲ್ಲ. ಏಕೆಂದರೆ ಭಟ್ಟನಾರಾಯಣನ ವೇಣೀಸಂಹಾರದಲ್ಲಾಗಲಿ ರನ್ನನಲ್ಲಾಗಲಿ ದ್ರೌಪದಿಯು ಮೂಕಳಲ್ಲ. ಬಿಚ್ಚಿದ ಮುಡಿಯೂ ಉಂಟು, ಕೇಳುವ ಮಾತೂ ಉಂಟು. ಐರೀನಳಿಗೆ ಆ ಮಾತು ದೊರೆಯಲಿಲ್ಲ.

ಕಾನೂನಿನಲ್ಲಿಯಂತೂ ಅವಳಿಗೆ ಮಾತಿರಲಿಲ್ಲ. ಗಂಡನು ಹೆಂಡತಿಯ ಮೇಲೆ ಬಲಾತ್ಕಾರದ ದೋಷಿಯಾಗಲಾರನೆಂಬ ಸೂತ್ರವು 1676ರಲ್ಲಿ ತೀರಿದ ಸರ್ ಮ್ಯಾಥ್ಯೂ ಹೇಲನೆಂಬ ನ್ಯಾಯಾಧೀಶನದು. ಅವನ ಗ್ರಂಥವು 1736ರಲ್ಲಿ ಅಚ್ಚಾಯಿತು. 1882ರ ಶಾಸನದಿಂದ ಇಂಗ್ಲೆಂಡಿನ ವಿವಾಹಿತೆಗೆ ತನ್ನ ಸ್ವತ್ತಿನ ಮೇಲೆ ಪೂರ್ಣಾಧಿಕಾರವು ಬಂದಿತು. ತನ್ನ ಶರೀರದ ಮೇಲೆ ಬರಲಿಲ್ಲ. 1967ರಲ್ಲಿ ಆ ದೃಶ್ಯವನ್ನು ನೋಡುತ್ತ ಕುಳಿತ ಗೃಹಸ್ಥನಿಗೂ ಅದೇ ನ್ಯಾಯವು ಅನ್ವಯಿಸುತ್ತಿದ್ದಿತು. ಸೋಮ್ಸನು ತಪ್ಪಿತಸ್ಥನೇ ಎಂದು ಕೇಳಿದವರು ತಮ್ಮ ದೇಶದ ಅಂದಿನ ಕಾನೂನನ್ನೇ ಕೇಳುತ್ತಿದ್ದರು. ಅದರ ಉತ್ತರವು ‘ಅಲ್ಲ’ ಎಂದೇ ಇದ್ದಿತು. ಒಂದು ಹಳೆಯ ಕಾಲದ ಕಥೆಯನ್ನು ನೋಡುತ್ತಿದ್ದೇವೆಂದು ತಿಳಿದವರು ತಮ್ಮ ಕಾಲದ ಕಥೆಯನ್ನೇ ನೋಡುತ್ತಿದ್ದರು. ಪುನಃಪ್ರಸಾರವು ಮುಗಿದ 1969ರಲ್ಲಿಯೇ ವಿಚ್ಛೇದನದ ಹೊಸ ಶಾಸನಕ್ಕೆ ಅಂಗೀಕಾರ ದೊರೆತು, 1971ರ ಜನವರಿಯಿಂದ ಅದು ಜಾರಿಗೆ ಬಂದಿತು. ದಂಪತಿಗಳಲ್ಲಿ ಯಾರ ಅಪರಾಧವೆಂಬುದರ ಬದಲಾಗಿ ದಾಂಪತ್ಯವು ಸರಿಪಡಿಸಲಾರದಂತೆ ಮುರಿದಿದೆಯೇ ಎಂಬುದೇ ಅದರಲ್ಲಿ ಮುಖ್ಯ ಪ್ರಶ್ನೆಯಾಯಿತು. ಐರೀನಳಿಗೆ ಬೇಕಾಗಿದ್ದುದು ಇಂತಹ ಬಾಗಿಲೇ.

ಹೊರದೇಶಗಳಲ್ಲಿ ಈ ನಾಟಕಕ್ಕೆ ದೊರೆತ ಸತ್ಕಾರವನ್ನು ವಿಸ್ತರಿಸಬೇಕಾದುದಿಲ್ಲ. ಸೋವಿಯತ್ ದೇಶಕ್ಕೆ ಮಾರಾಟವಾದ ಮೊದಲ ಬ್ರಿಟಿಷ್ ಧಾರಾವಾಹಿ ಇದೇ; ಸೊತ್ತಿನ ವ್ಯಾಮೋಹವನ್ನು ಜರೆಯುವ ಕಥೆಗೆ ಅಲ್ಲಿ ಬಾಗಿಲು ತೆರೆದುದು ಆಶ್ಚರ್ಯವಲ್ಲ. ಅಮೆರಿಕದಲ್ಲಿ 1969ರಿಂದ ಪ್ರದರ್ಶಿತವಾಗಿ, ಸೋಮ್ಸನ ಮಗಳಾದ ಫ್ಲರಳ ಪಾತ್ರಕ್ಕಾಗಿ ಸೂಸನ್ ಹ್ಯಾಂಪ್‌ಷೈರಳಿಗೆ ಎಮ್ಮಿ ಪ್ರಶಸ್ತಿಯನ್ನು ತಂದಿತು. ಬ್ರಿಟಿಷ್ ಧಾರಾವಾಹಿಗಳಿಗೆಂದೇ ‘ಮಾಸ್ಟರ್‌ಪೀಸ್ ಥಿಯೇಟರ್’ ಎಂಬ ಪ್ರಸಾರಮಾಲೆಯು 1971ರಲ್ಲಿ ಅಲ್ಲಿ ಹುಟ್ಟಲು ಈ ಯಶಸ್ಸೇ ಪ್ರೇರಣೆ.

ಹೇಲನ ಸೂತ್ರವನ್ನು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1991ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಆ ಸೂತ್ರದ ಸಂತತಿಯಾಗಿ 1860ರ ಭಾರತೀಯ ದಂಡಸಂಹಿತೆಯಲ್ಲಿ ಸೇರಿದ ವಿನಾಯಿತಿಯನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿಸಿಕೊಳ್ಳಲಾಯಿತು. ಇಂಗ್ಲೆಂಡಿನಲ್ಲಿ ಆ ತೀರ್ಪು ಬಂದ ಹನ್ನೊಂದು ವರ್ಷಗಳಿಗೆ, 2002ರಲ್ಲಿ, ಐ.ಟಿ.ವಿ. ಸಂಸ್ಥೆಯು ಇದೇ ಕಥೆಯನ್ನು ಬಣ್ಣದಲ್ಲಿ ಹೊಸದಾಗಿ ತೋರಿಸಿತು. ಸೋಮ್ಸನಾಗಿ ಡೇಮಿಯನ್ ಲೂಯಿಸನೂ ಐರೀನಳಾಗಿ ಜೀನಾ ಮೆಕೀಯಳೂ ಅಭಿನಯಿಸಿದರು. ಈ ಸಲ ನೋಡಿದವರ ದೇಶದಲ್ಲಿ ಸೋಮ್ಸನ ಕೃತ್ಯವು ಶಿಕ್ಷಾರ್ಹವಾದ ಅಪರಾಧವಾಗಿದ್ದಿತು. ಆದಾಗ್ಯೂ ಲೂಯಿಸನ ಮುಖದಲ್ಲಿನ ನೋವನ್ನು ಮೆಚ್ಚಿದವರು ಬಹಳ. ಐರೀನಳನ್ನು ತಣ್ಣಗಿನ ಹೆಂಗಸೆಂದು ಆಕ್ಷೇಪಿಸಿದವರೂ ಇದ್ದರು.