ಡಿಸ್ಪೋಸಲ್ ಗಾಡಿ, ದೊಡ್ಡ ಟೈರು ಮತ್ತೆ ನಮ್ಮ ಇಳಿಜಾರು

ಹೋದ ಭಾನುವಾರ ಹೆತ್ತೂರು ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಸೈನ್ಯದವರು ಕೈಬಿಟ್ಟ ಹಳೇ ಗಾಡಿಯೊಂದನ್ನ ಹರಾಜಿನಲ್ಲಿ ಹಿಡಿದಿದ್ದಾನೆ. "ಅಣ್ಣ, ಒಂದು ಸೈಜ್ ದೊಡ್ಡ ಟೈರ್ ಹಾಕಿದ್ರೆ ಮಳೆಗಾಲದಲ್ಲೂ ತೋಟದ ರಸ್ತೆ ಹತ್ತುತ್ತಲ್ವಾ?" ಅಂದ. ಹತ್ತುತ್ತಪ್ಪ, ಆದ್ರೆ ಇಳಿಯೋದು ಹೇಗೆ ಅಂತ ಬರೆದು ಹಾಕ್ತೀನಿ, ಓದಿ ಆಮೇಲೆ ಟೈರ್ ತಗೋ ಅಂದೆ. ಅದಕ್ಕೇ ಈ ಉದ್ದದ ಬರಹ.

ನಮ್ಮ ಸಕಲೇಶಪುರ, ಆಲೂರು ಕಡೆ ಹಳಬರು ಇಂಥ ಗಾಡಿಗಳಿಗೆ "ಡಿಸ್ಪೋಸಲ್ ಗಾಡಿ" ಅಂತಿದ್ರು. ಆ ಹೆಸರು ಬಂದದ್ದು ಎರಡನೇ ಮಹಾಯುದ್ಧದಿಂದ. 1942ರಲ್ಲಿ ಮಲಯಾ ಜಪಾನಿನವರ ಕೈಗೆ ಹೋದ ಮೇಲೆ ರಬ್ಬರಿಗೆ ಬರ ಬಂತು. ಪೆಟ್ರೋಲೂ ಇಲ್ಲ. ಮೈಸೂರು ಸಂಸ್ಥಾನದಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದ್ವು. ಏರು ಬಂದ್ರೆ ಜನ ಇಳಿದು ತಳ್ಳಬೇಕಿತ್ತು ಅಂತ ನಮ್ಮಜ್ಜ ಹೇಳ್ತಿದ್ರು. 1945ಕ್ಕೆ ಯುದ್ಧ ಮುಗೀತು. ಅಮೆರಿಕದವರೂ ಬ್ರಿಟಿಷರೂ ದೇಶದೊಳಗೆ ತಂದು ಗುಡ್ಡೆ ಹಾಕಿದ್ದ ಜೀಪು, ಲಾರಿಗಳನ್ನ ಸರ್ಕಾರದ ಡಿಸ್ಪೋಸಲ್ ಇಲಾಖೆ ಮಾರೋಕೆ ಶುರು ಮಾಡಿತು. ವಿಲ್ಲೀಸ್ ಜೀಪು, ಡಾಡ್ಜ್, ಕೆನಡಾದಲ್ಲಿ ತಯಾರಾದ ಫೋರ್ಡ್, ಷೆವರ್ಲೆ ಎಲ್ಲಾ ಹೀಗೆ ಊರೂರು ಸೇರಿದ್ವು. ಎತ್ತಿನ ಗಾಡಿ ಹೂತುಕೊಳ್ಳೋ ದಾರಿಯಲ್ಲಿ ನಾಲ್ಕೂ ಚಕ್ರ ಎಳೆಯೋ ಗಾಡಿ ಬಂದ್ರೆ ಬೆಟ್ಟದ ಜನಕ್ಕೆ ಹೇಗಾಗಿರಬೇಡ!

ಇಲ್ಲಿ ಟೈರಿನ ವಿಷಯ ಬರುತ್ತೆ. ಕೆಸರಲ್ಲಿ, ಮರಳಲ್ಲಿ ಗಾಡಿ ಹೂತುಕೊಳ್ಳೋ ಕಷ್ಟ ಸೈನ್ಯಕ್ಕೂ ಇತ್ತು. ಕೆನಡಾದ ಫೋರ್ ವೀಲ್ ಲಾರಿಗಳಿಗೆ ಹಿಂದೆ ಜೋಡಿ ಟೈರಿನ ಬದಲು ಹಿಂದೆ ಮುಂದೆ ಒಂದೊಂದೇ ದಪ್ಪ ಟೈರ್ ಕೊಟ್ಟಿದ್ರು. ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಹೋಗುತ್ತೆ, ಜೋಡಿ ಟೈರಿನ ಸಂದಿಗೆ ಕಲ್ಲು, ಕೆಸರು ಸಿಕ್ಕಿಕೊಳ್ಳಲ್ಲ.

ಡಾಡ್ಜ್ ಕಥೆ ಇನ್ನೂ ಚೆನ್ನಾಗಿದೆ. ಯುದ್ಧದ ಶುರುವಿನಲ್ಲಿ ಬಂದ ಅರ್ಧ ಟನ್ ಡಾಡ್ಜ್‌ಗೆ 7.50-16 ಟೈರ್, ಅಂದ್ರೆ ಸುಮಾರು 32 ಇಂಚು ಎತ್ತರ. 1942ರಲ್ಲಿ ಬಂದ ಮುಕ್ಕಾಲು ಟನ್ನಿನದಕ್ಕೆ 9.00-16, ಸುಮಾರು 36 ಇಂಚು. ಆದ್ರೆ ಬರೀ ಟೈರ್ ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ. ಆಕ್ಸಲ್ ಗಟ್ಟಿ ಮಾಡಿದ್ರು, ಗಾಡಿಯನ್ನ ಅಗಲ ಮಾಡಿ ಎತ್ತರ ತಗ್ಗಿಸಿದ್ರು. ಕ್ರೌನ್ ಪಿನಿಯನ್ 4.89 ಇದ್ದದ್ದನ್ನ 5.83 ಮಾಡಿದ್ರು. ಟೈರ್ ಎಂಟರಲ್ಲೊಂದು ಪಾಲು ಬೆಳೀತು, ಗೇರನ್ನ ಅದಕ್ಕಿಂತ ಜಾಸ್ತಿಯೇ ತಗ್ಗಿಸಿದ್ರು. ಟೈರ್ ಬೆಳೆದ್ರೆ ಗಾಡಿಯೇ ಬೇರೆ ಆಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ನಮಗೆ ಗೊತ್ತಿರಲಿಲ್ಲ. ಲೆಕ್ಕ ಸುಲಭ ಇದೆ, ನೋಡಿ. 32 ಇಂಚಿನ ಜಾಗಕ್ಕೆ 36 ಹಾಕಿದ್ರೆ ಆಕ್ಸಲ್ ನೆಲದಿಂದ ಮೇಲೇಳೋದು ಬರೀ ಎರಡು ಇಂಚು. ಮೀಟರ್ 40 ತೋರಿಸುವಾಗ ಗಾಡಿ ಓಡ್ತಿರೋದು 45ರಲ್ಲಿ. ಇಂಜಿನ್ನಿನ ಎಳೆತ ನೆಲಕ್ಕೆ ಮುಟ್ಟೋವಾಗ ಒಂಬತ್ತರಲ್ಲೊಂದು ಪಾಲು ಕಮ್ಮಿ. ಬ್ರೇಕಿನ ಹಿಡಿತಾನೂ ಅಷ್ಟೇ ಕಮ್ಮಿ. ಡ್ರಮ್ಮೂ ಲೈನರ್ರೂ ಹಳೇವೇ, ತಡೀಬೇಕಾದ ಚಕ್ರ ಮಾತ್ರ ದೊಡ್ಡದು. ಇಳಿಜಾರಿನಲ್ಲಿ ಗೇರಿನಲ್ಲೇ ಹಿಡೀತೀನಿ ಅಂದ್ರೆ ಆ ಹಿಡಿತವೂ ಅಷ್ಟೇ ಸಡಿಲ.

2004ರಲ್ಲಿ ನನ್ನ ಹತ್ರ ಜಬಲ್‌ಪುರದಲ್ಲಿ ಸೈನ್ಯಕ್ಕೆ ಅಂತ ತಯಾರಾದ ನಿಸ್ಸಾನ್ ಒನ್ ಟನ್ ಇತ್ತು. ದೊಡ್ಡ ಟೈರ್ ಹಾಕಿಸಿದೆ. ಆ ಮಳೆಗಾಲ ಪೂರ್ತಿ ಯಾರ ಗಾಡಿಯೂ ಹತ್ತದ ಏರು ನನ್ನದು ಹತ್ತಿತು, ಊರೆಲ್ಲಾ ಹೇಳಿಕೊಂಡು ತಿರುಗಿದೆ. ಸೆಪ್ಟೆಂಬರಲ್ಲಿ ಗೊಬ್ಬರ ಹಾಕೋ ಹೊತ್ತು. 20 ಚೀಲ ಹೇರಿಕೊಂಡು ಹಳ್ಳದ ಪಕ್ಕದ ರೊಬಸ್ಟಾ ಬ್ಲಾಕಿಗೆ ಇಳೀತಾ ಇದ್ದೆ. ಹಿಂದೆ ಚೀಲದ ಮೇಲೆ ನಮ್ಮ ರೈಟ್ರು ಕೂತಿದ್ರು. ಎರಡನೇ ಗೇರು, ಹಳೇ ಅಭ್ಯಾಸ. ತಿರುವು ಬರೋ ಹೊತ್ತಿಗೆ ಬ್ರೇಕ್ ಒತ್ತಿದೆ. ಪೆಡಲ್ ಗಟ್ಟಿಯಾಗಿ ನಿಂತಿತು, ಗಾಡಿ ನಿಲ್ಲಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಟೈರ್ ಮಡ್‌ಗಾರ್ಡಿಗೆ ಉಜ್ಜಿ ಕಟಿಂಗ್ ಸಾಲಲಿಲ್ಲ. ಸಿಲ್ವರ್ ಮರಕ್ಕೆ ಹೊಡೆದು ನಿಂತಿತು. ರೈಟ್ರ ಕಾಲು ಮುರೀತು. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಅದೇನು ದೊಡ್ಡ ಮಾತಲ್ಲ. ಅವರು ಇವತ್ತಿಗೂ ಕುಂಟುತ್ತಾರೆ. ಒಂದು ದಿನವೂ ನನ್ನನ್ನ ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಆಮೇಲೆ ಗಾಡಿಗೆ ಹಳೇ ಸೈಜೇ ಹಾಕಿಸಿದೆ. ಮಳೆಗಾಲದಲ್ಲಿ ಅಜ್ಜನ ಕಾಲದ ಹಾಗೆ ಚೈನ್ ಕಟ್ತೀನಿ. ಕಟ್ಟೋಕೆ ಅರ್ಧ ಗಂಟೆ, ಬಟ್ಟೆಯೆಲ್ಲಾ ಕೆಸರು. ಆದ್ರೆ ಚೈನು ಏರಿನಲ್ಲೂ ಹಿಡಿಯುತ್ತೆ, ಇಳಿಜಾರಿನಲ್ಲೂ ಹಿಡಿಯುತ್ತೆ. ನಮ್ಮ ಕೆಮ್ಮಣ್ಣಿಗೆ ಇನ್ನೊಂದು ಮಾತು: ಮೇಲೆ ಜಾರುಕೆಸರು, ಕೆಳಗೆ ಗಟ್ಟಿ ನೆಲ ಇರೋ ಕಡೆ ಕಿರಿದಾದ ಟೈರೇ ಕೆಸರು ಕೊಯ್ದು ಗಟ್ಟಿ ಮುಟ್ಟುತ್ತೆ. ಅಗಲದ್ದು ಮೇಲೇ ತೇಲಿ ಜಾರುತ್ತೆ. ತಳವೇ ಇಲ್ಲದ ಗದ್ದೆ ಬಯಲಾದ್ರೆ ಮಾತು ಬೇರೆ.

ಆದ್ರೂ ಹಾಕ್ತೀನಿ ಅನ್ನೋರಿಗೆ: ನಾಲ್ಕೂ ಒಂದೇ ಸೈಜ್ ಹಾಕಿ, ಹಿಂದೆ ಮಾತ್ರ ದೊಡ್ಡದು ಹಾಕಿ ಫೋರ್ ವೀಲ್ ಹಾಕಿದ್ರೆ ಡಬ್ಬಿಯೊಳಗಿನ ಗೇರ್ ಹೋಗುತ್ತೆ. ಮೊದಲು ಬ್ರೇಕ್ ಸರಿ ಮಾಡ್ಸಿ, ಆಮೇಲೆ ಟೈರ್. ಇಳಿಯುವಾಗ ಮೊದಲಿಗಿಂತ ಒಂದು ಗೇರ್ ಕೆಳಗೆ. ಹಿಂದೆ ಜನ ಕೂರಿಸಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸೋದನ್ನ ತಡೆಯುತ್ತೆ, ಅದೂ ನೆನಪಿರಲಿ. ಅಪಘಾತ ಆದ್ರೆ ಮೊದಲು ಕೇಳೋದು ಅದನ್ನೇ.

ಹುಡುಗ ನಿನ್ನೆ ಫೋನ್ ಮಾಡಿದ್ದ. ಟೈರ್ ಇನ್ನೂ ತಗೊಂಡಿಲ್ಲವಂತೆ. ಬ್ರೇಕ್ ಡ್ರಮ್ ಬಿಚ್ಚಿ ನೋಡಿದ್ರೆ ಲೈನರ್ ಸವೆದು ರಿವೆಟ್ಟಿಗೆ ಬಂದಿತ್ತಂತೆ.