ಟ್ರಿಗರ್‌ಗೆ ಹತ್ತನೇ ಕಾಲಂ ಎಲ್ಲಿ?

ಸಂತೆಮರಹಳ್ಳಿಯ ನಾಡಕಚೇರಿಯಲ್ಲಿ ಪಹಣಿ ತೆಗೆಸಿದವರು ಮೊದಲು ನೋಡುವುದು ಒಂಬತ್ತನೇ ಕಾಲಂ, ಅಲ್ಲಿ ಹೆಸರಿದೆಯೇ ಎಂದು. ಆಮೇಲೆ ಹತ್ತನೆಯದು. ಜಮೀನು ಆ ಹೆಸರಿಗೆ ಬಂದ ಬಗೆ ಅಲ್ಲಿರುತ್ತದೆ: ಕ್ರಯವೋ, ವಿಭಾಗವೋ, ಪೌತಿಯೋ, ಜೊತೆಗೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರವಾದರೆ ಜೆ ಫಾರಂ ಹೊರಡುತ್ತದೆ. ನೋಟೀಸು, ತಕರಾರಿನ ಅವಧಿ, ಆದೇಶ, ಕೊನೆಗೆ ಖಾತೆ ಬದಲಾವಣೆ. 1964ರ ಭೂಕಂದಾಯ ಕಾಯ್ದೆಯ 128, 129ನೇ ಕಲಂಗಳು ಹಾಕಿಕೊಟ್ಟ ದಾರಿ ಇದು. 2000ದ ಆಚೀಚೆ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಇಳಿಸಿದಾಗಲೂ ಹತ್ತನೇ ಕಾಲಂ ಉಳಿಯಿತು.

ಡೇಟಾಬೇಸಿನಲ್ಲಿ ಟ್ರಿಗರ್ ಎನ್ನುವುದು ಹೀಗೆ ತಾನಾಗಿ ಹೊರಡುವ ಜೆ ಫಾರಂನ ಸೋದರಸಂಬಂಧಿ. ಟೇಬಲ್ಲಿನಲ್ಲಿ ಸಾಲು ಸೇರಿದರೆ, ತಿದ್ದಿದರೆ, ಅಳಿಸಿದರೆ ಯಾರೂ ಕರೆಯದೆ ಓಡುವ ಫಂಕ್ಷನ್ ಅದು. ಆದರೆ ಏಕೆ ಓಡಿತು ಎಂದು ಹೇಳುವ ಕಾಲಂ ಅದಕ್ಕಿಲ್ಲ. ಆ ಕೆಲಸ ಡೇಟಾಬೇಸಿನ ಕೈಪಿಡಿಯ ಪಾಲಿಗೆ ಬಂತು. ಕೈಪಿಡಿಗೆ ಅದನ್ನು ಕಲಿಯಲು ಬಹಳ ಕಾಲ ಹಿಡಿಯಿತು.

ಕಲ್ಪನೆ ಹಳೆಯದು. ಐಬಿಎಂನಲ್ಲಿ ಕೆ.ಪಿ. ಈಶ್ವರನ್ 1976ರಲ್ಲೇ ಟ್ರಿಗರ್ ವ್ಯವಸ್ಥೆಯ ಬಗ್ಗೆ ವರದಿ ಬರೆದರು. 1992ರ ಒರಾಕಲ್ 7ರಲ್ಲಿ ಟ್ರಿಗರ್ ಬಂತು. ಎಸ್‌ಕ್ಯೂಎಲ್ ಮಾನದಂಡ ಅದನ್ನು ಒಪ್ಪಿದ್ದು 1999ರಲ್ಲಿ. ಅಷ್ಟರೊಳಗೆ ಒಬ್ಬೊಬ್ಬರದು ಒಂದೊಂದು ಪದ್ಧತಿ, ಒಂದೊಂದು ಕೈಪಿಡಿ.

ನನಗೆ ಹೆಚ್ಚು ಬಳಕೆಯಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. 2002ರ 7.3ನೇ ಆವೃತ್ತಿಗೆ ಮುಂಚೆ ಅಲ್ಲಿ ಟ್ರಿಗರ್ ಫಂಕ್ಷನ್ನು ಹಿಂತಿರುಗಿಸುವ ಟೈಪಿಗೆ ‘ಒಪೇಕ್’ ಎಂದು ಹೆಸರು, ಅಂದರೆ ಒಳಗಿನದು ಕಾಣದ್ದು. ಹೆಸರಿಟ್ಟವರು ಪ್ರಾಮಾಣಿಕರು! ಆಮೇಲೆ ಅದು ‘ಟ್ರಿಗರ್’ ಆಯಿತು. 2018ರ 11ನೇ ಆವೃತ್ತಿಗೆ ನಿಜವಾದ ಪ್ರೊಸೀಜರುಗಳು ಬಂದಾಗ ‘ಎಕ್ಸಿಕ್ಯೂಟ್ ಪ್ರೊಸೀಜರ್’ ಎಂಬ ಹಳೆಯ ಮಾತು ಗೊಂದಲವೆನಿಸಿ ‘ಎಕ್ಸಿಕ್ಯೂಟ್ ಫಂಕ್ಷನ್’ ಎಂದೂ ಬರೆಯಬಹುದೆಂದಾಯಿತು. ಹಳೆಯದೂ ನಡೆಯುತ್ತದೆ.

ಪದ ತಿದ್ದುವುದು ಸುಲಭ, ನಡವಳಿಕೆ ಹೇಳುವುದೇ ಕಷ್ಟ. ಒಮ್ಮೆ ಒಂದು ಸಾಲನ್ನು ಅಳಿಸಲು ಹೋಗಿ ಅರ್ಧ ದಿನ ಕಳೆದೆ. ದೋಷದ ಸೂಚನೆಯಿಲ್ಲ, ‘ಡಿಲೀಟ್ 0’ ಅಷ್ಟೇ. ಕಾರಣ ಒಂದು ‘ಬಿಫೋರ್’ ಟ್ರಿಗರ್, ಅಂದರೆ ಬದಲಾವಣೆಗೆ ಮುಂಚೆ ಓಡುವಂಥದ್ದು: ಅದರ ಕೊನೆಯಲ್ಲಿ ಅಭ್ಯಾಸಬಲದಿಂದ ‘ರಿಟರ್ನ್ ನ್ಯೂ’ ಎಂದು ಬರೆದಿತ್ತು. ಅಳಿಸುವಾಗ ಹೊಸ ಸಾಲೆಲ್ಲಿಂದ ಬರಬೇಕು? ನ್ಯೂ ಎಂದರೆ ಆಗ ನಲ್. ‘ಬಿಫೋರ್’ ಟ್ರಿಗರಿನಿಂದ ನಲ್ ಬಂದರೆ ಆ ಸಾಲಿನ ಕೆಲಸ ಸದ್ದಿಲ್ಲದೆ ರದ್ದು. ಅಳಿಸುವಾಗ ‘ಓಲ್ಡ್’ ಹಿಂತಿರುಗಿಸಬೇಕು ಎಂಬ ಮಾತು ಕೈಪಿಡಿಯಲ್ಲಿದೆ. ಆದರೆ ಟ್ರಿಗರಿನ ವಿಷಯವೇ ಮೂರು ಕಡೆ ಹಂಚಿಹೋಗಿದೆ: ಟ್ರಿಗರ್ ಅಧ್ಯಾಯ, ಪಿಎಲ್/ಪಿಜಿಎಸ್‌ಕ್ಯೂಎಲ್ ಅಧ್ಯಾಯ, ‘ಕ್ರಿಯೇಟ್ ಟ್ರಿಗರ್’ ಪುಟ. 2013ರಲ್ಲಿ ಇವೆಂಟ್ ಟ್ರಿಗರುಗಳು ಬಂದ ಮೇಲೆ ಅವಕ್ಕೇ ಬೇರೆ ಅಧ್ಯಾಯ.

ಓಡುವ ಸರದಿಯ ವಿಚಾರದಲ್ಲಿ ಮಾತ್ರ ಕೈಪಿಡಿ ಬಲು ನೇರ. ಒಂದೇ ಘಟನೆಗೆ ಒಂದೇ ಬಗೆಯ ಹಲವು ಟ್ರಿಗರುಗಳಿದ್ದರೆ ಅವು ಹೆಸರಿನ ಅಕ್ಷರಕ್ರಮದಲ್ಲಿ ಓಡುತ್ತವೆ. ಮಾನದಂಡ ಹೇಳುವುದು ಹುಟ್ಟಿದ ಕ್ರಮವನ್ನು; ಹೆಸರಿನ ಕ್ರಮವೇ ಅನುಕೂಲವೆನಿಸಿತು ಎಂದು ಒಪ್ಪಿಕೊಂಡೇ ಬರೆದಿದ್ದಾರೆ. ಕೈಪಿಡಿಯಲ್ಲಿ ‘ಏಕೆ’ ಎಂಬುದು ಸಿಗುವ ಇಂಥ ಜಾಗಗಳೇ ನನಗೆ ಇಷ್ಟ.

ನಮ್ಮದೇ ಟ್ರಿಗರುಗಳ ‘ಏಕೆ’ಯನ್ನು ನಾವೇ ಬರೆಯಬೇಕು. ಅದಕ್ಕೆ ‘ಕಾಮೆಂಟ್ ಆನ್ ಟ್ರಿಗರ್’ ಇದೆ. ಬರೆದದ್ದು ಡೇಟಾಬೇಸಿನೊಳಗೇ ಉಳಿಯುತ್ತದೆ. ಮೇಲಿನ ಟ್ರಿಗರನ್ನು ಸರಿಮಾಡಿದ ದಿನ ಅದಕ್ಕೆ ಹೀಗೆ ಬರೆದೆ: ‘ಬಾಕಿಯಿರುವ ಖಾತೆ ಅಳಿಸದಂತೆ ತಡೆಯಲು. ಕೇಳಿದವರು ಲೆಕ್ಕಪತ್ರ ವಿಭಾಗದವರು. ಬಾಕಿ ಇಲ್ಲದಿದ್ದರೆ ಓಲ್ಡ್ ಹಿಂತಿರುಗಿಸುತ್ತದೆ.’